ಅಂಗಡಿಗೆ ಹೋಗುವ ಮೊದಲು ಒಂದು ನೋಟ್‌ಬುಕ್ ಹಿಡಿಯಿರಿ

ಆಟದಂಗಳ: ಓದುಗರ ಪ್ರಶ್ನೆಗಳಿಗೆ ಉತ್ತರ

ಪಿಕಲ್‌ಬಾಲ್ ಬಗ್ಗೆ ಏನಿದ್ದರೂ ಕೇಳಿ ಎಂದು ಹೋದ ಸಲ ಬರೆದಿದ್ದೆ. ನೆಟ್ಟಿನ ಆಚೀಚೆ ನಿಂತು, ಪ್ಯಾಡಲ್ ಅನ್ನುವ ಗಟ್ಟಿ ಬ್ಯಾಟಿನಿಂದ ತೂತಿನ ಪ್ಲಾಸ್ಟಿಕ್ ಚೆಂಡು ಹೊಡೆಯುವ ಆಟ ಇದು. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಪ್ಯಾಡಲ್ ಬಗ್ಗೆಯೇ ಇವೆ. ಆಟ ಕಲಿತು ಒಂದೆರಡು ವರ್ಷ ಆಗಿದೆ. ಮೊದಲು ಕೊಂಡ ಅಗ್ಗದ ಪ್ಯಾಡಲ್ ಸಾಲುತ್ತಿಲ್ಲ. ಹಾಗಂತ ಇಪ್ಪತ್ತು ಸಾವಿರ ಸುರಿಯುವ ಮನಸ್ಸೂ ಇಲ್ಲ. ಹೀಗೆ ಬರೆದವರೇ ಹೆಚ್ಚು. ನಾನೂ ಇದೇ ದಾರಿಯಲ್ಲಿ ಬಂದವಳು. ಇಪ್ಪತ್ತಾರು ವರ್ಷ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸಿದೆ, ಅಷ್ಟೂ ವರ್ಷ ಬ್ಯಾಡ್ಮಿಂಟನ್ ಆಡಿದೆ. ಮಂಡಿ ತೊಂದರೆ ಕೊಡಲು ಶುರುವಾದ ಮೇಲೆ 2022ರಲ್ಲಿ ಪಿಕಲ್‌ಬಾಲ್ ಹಿಡಿದೆ. ಈಗ ಮೈಸೂರಿನ ನಮ್ಮ ಬಡಾವಣೆಯ ಕೋರ್ಟಿನಲ್ಲಿ ಬೆಳಿಗ್ಗೆ ಆರಕ್ಕೆ ಆಡುತ್ತೇನೆ, ಹೊಸಬರನ್ನು ಆಡಿಸುತ್ತೇನೆ. ಕೆಳಗೆ ಬರೆದದ್ದೆಲ್ಲ ಅಲ್ಲಿ ಕಂಡದ್ದು.

ಪ್ರಶ್ನೆ: ನನಗೆ 41 ವರ್ಷ, ಬ್ಯಾಂಕ್ ಕೆಲಸ. ಮೊದಲು ಬ್ಯಾಡ್ಮಿಂಟನ್ ಆಡುತ್ತಿದ್ದೆ. ಒಂದೂವರೆ ವರ್ಷದಿಂದ ವಾರಕ್ಕೆ ನಾಲ್ಕು ದಿನ ಪಿಕಲ್‌ಬಾಲ್ ಡಬಲ್ಸ್ ಆಡುತ್ತೇನೆ. ಈಗಿರುವುದು 2,500 ರೂಪಾಯಿಯ ಫೈಬರ್‌ಗ್ಲಾಸ್ ಪ್ಯಾಡಲ್. ನೆಟ್ ಹತ್ತಿರ ನಿಂತಾಗ ಚೆಂಡು ಮೇಲೆ ಹಾರುತ್ತದೆ, ಎದುರಿನವರು ಬಾರಿಸಿಬಿಡುತ್ತಾರೆ. ಎಂಟರಿಂದ ಹತ್ತು ಸಾವಿರ ಖರ್ಚು ಮಾಡಬಲ್ಲೆ. ಒಬ್ಬರು ಕಾರ್ಬನ್ ಅನ್ನುತ್ತಾರೆ, ಇನ್ನೊಬ್ಬರು ಥರ್ಮೋಫಾರ್ಮ್ಡ್ ಅನ್ನುತ್ತಾರೆ. ಯಾವುದು ಕೊಳ್ಳಲಿ?
(ಓದುಗರು, ಕುವೆಂಪುನಗರ, ಮೈಸೂರು)

ಉತ್ತರ: ಉತ್ತರದ ಅರ್ಧವನ್ನು ನೀವೇ ಬರೆದಿದ್ದೀರಿ. ನೆಟ್ ಹತ್ತಿರ ಚೆಂಡು ಮೇಲೆ ಹಾರುತ್ತದೆ ಅಂದಿರಲ್ಲ, ಪ್ಯಾಡಲ್ ಆರಿಸುವುದು ಅಲ್ಲಿಂದಲೇ. ಹೆಚ್ಚಿನವರು ತಾವು ಗೆಲ್ಲುವ ಹೊಡೆತಕ್ಕೆ ಪ್ಯಾಡಲ್ ಕೊಳ್ಳುತ್ತಾರೆ. ಸೋಲುವ ಹೊಡೆತಕ್ಕೆ ಕೊಳ್ಳಬೇಕು.

ನಾನು ಇದನ್ನು ದುಡ್ಡು ಕಳೆದುಕೊಂಡು ಕಲಿತೆ. 2023ರಲ್ಲಿ ಉದ್ದ ತಲೆಯ, 14 ಮಿಲಿಮೀಟರ್ ದಪ್ಪದ ಒಂದು ಪ್ಯಾಡಲ್ ತಗೊಂಡೆ. ಸರ್ವ್ ಜೋರಾಗಿ ಹೋಗುತ್ತಿತ್ತು. ಹಿಂದಿನಿಂದ ಡ್ರೈವ್, ಅಂದರೆ ಜೋರಾದ ನೇರ ಹೊಡೆತ, ಹೊಡೆದರೆ ಪಕ್ಕದ ಕೋರ್ಟಿನವರೂ ತಿರುಗಿ ನೋಡುತ್ತಿದ್ದರು. ಆದರೂ ಎರಡು ತಿಂಗಳು ಸೋಲುತ್ತಲೇ ಹೋದೆ. ಕೊನೆಗೆ ಒಂದು ಸಣ್ಣ ನೋಟ್‌ಬುಕ್ ಬೆಂಚಿನ ಮೇಲಿಟ್ಟೆ. ಪ್ರತಿ ಗೇಮ್ ಮುಗಿದ ಕೂಡಲೇ, ನನ್ನ ತಪ್ಪಿನಿಂದ ಹೋದ ಪಾಯಿಂಟಿಗೆಲ್ಲ ಒಂದೊಂದು ಅಕ್ಷರ ಬರೆದೆ. ನೆಟ್ಟಿಗೆ ಹೋದರೆ 'ನೆ', ಹೊರಗೆ ಬಿದ್ದರೆ 'ಹೊ', ಮೇಲೆ ಎದ್ದು ಎದುರಿನವರಿಗೆ ಸಿಕ್ಕರೆ 'ಮೇ'. ಮೂರು ದಿನ ಆದ ಮೇಲೆ ನೋಡಿದರೆ ಪುಟದ ತುಂಬ ಮೇ, ಮೇ, ಮೇ. ನನ್ನ ಡ್ರೈವಿಗೆ ಬಲ ಸಾಲದೆ ಹೋದ ಪಾಯಿಂಟ್ ಕೈಬೆರಳಲ್ಲಿ ಎಣಿಸುವಷ್ಟೂ ಇರಲಿಲ್ಲ. ಬಲ ಕೊಡುವ ಪ್ಯಾಡಲ್ಲಿಗೆ ದುಡ್ಡು ಕೊಟ್ಟಿದ್ದೆ. ನನಗೆ ಬೇಕಿದ್ದದ್ದು ಚೆಂಡನ್ನು ಸಮಾಧಾನ ಮಾಡುವ ಪ್ಯಾಡಲ್.

ನೀವೂ ಮೂರು ದಿನ ಬರೆಯಿರಿ. ನಿಮ್ಮ ಪುಟದಲ್ಲೂ 'ಮೇ' ಜಾಸ್ತಿ ಇರುತ್ತದೆ ಅಂದುಕೊಂಡು ಮುಂದಿನದನ್ನು ಹೇಳುತ್ತೇನೆ.

ಮೊದಲು ದಪ್ಪ. 16 ಮಿಲಿಮೀಟರಿನದೇ ತಗೊಳ್ಳಿ. ಪ್ಯಾಡಲ್ ಒಳಗೆ ಇರುವುದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಜೇನುಗೂಡು. ಸಾವಿರಾರು ಸಣ್ಣ ಕೋಣೆಗಳು, ಎರಡೂ ಕಡೆ ಅಂಟಿಸಿದ ತೆಳು ಹಾಳೆ. ಚೆಂಡು ತಾಗುವ ಈ ಹಾಳೆಯೇ ಪ್ಯಾಡಲ್ಲಿನ ಮುಖ. 1965ರಲ್ಲಿ ಅಮೆರಿಕದ ಬೇನ್‌ಬ್ರಿಜ್ ದ್ವೀಪದಲ್ಲಿ ಈ ಆಟ ಹುಟ್ಟಿದಾಗ ಪ್ಲೈವುಡ್ ಕತ್ತರಿಸಿ ಪ್ಯಾಡಲ್ ಮಾಡಿಕೊಂಡಿದ್ದರು. 1984ರಲ್ಲಿ ಬೋಯಿಂಗ್ ಕಂಪನಿಯ ಎಂಜಿನಿಯರ್ ಆರ್ಲೆನ್ ಪರಾಂಟೊ ಅವರು ವಿಮಾನದಲ್ಲಿ ಬಳಸುವ ಜೇನುಗೂಡಿನ ಹಲಗೆಯಿಂದ ಪ್ಯಾಡಲ್ ಮಾಡಿದರು. ಹಗುರ ಇರಬೇಕು, ಗಟ್ಟಿಯೂ ಇರಬೇಕು, ಅದಕ್ಕೆ ಆ ಉಪಾಯ. ಇವತ್ತಿನ ಹೆಚ್ಚಿನ ಪ್ಯಾಡಲ್‌ಗಳು ಅದರ ಮಕ್ಕಳು, ಮೊಮ್ಮಕ್ಕಳು. ಈ ಗೂಡು ತೆಳುವಾದಷ್ಟು ಮುಖ ಕುಣಿಯುತ್ತದೆ, ಚೆಂಡು ಚಿಮ್ಮುತ್ತದೆ. ದಪ್ಪವಾದಷ್ಟು ಚೆಂಡಿನ ವೇಗ ಅಲ್ಲೇ ಸಾಯುತ್ತದೆ. ನಡುವಿನಿಂದ ಸ್ವಲ್ಪ ಆಚೀಚೆ ತಾಗಿದರೂ ಕೈಯಲ್ಲಿ ಪ್ಯಾಡಲ್ ತಿರುಚಿಕೊಳ್ಳುವುದಿಲ್ಲ. ಎರಡು ಮಿಲಿಮೀಟರ್ ಅಂದರೆ ಏನು ಮಹಾ ಅನಿಸಬಹುದು. ಎದುರಿನವರ ಡ್ರೈವನ್ನು ಸುಮ್ನೆ ತಡೆದು ನೋಡಿ, ಒಂದು ಗೇಮಿನಲ್ಲೇ ಗೊತ್ತಾಗುತ್ತದೆ.

ಆಮೇಲೆ ಮುಖ. ಫೈಬರ್‌ಗ್ಲಾಸ್‌ಗೆ ಸ್ಪ್ರಿಂಗ್ ಗುಣ ಜಾಸ್ತಿ. ನಿಮ್ಮ ಚೆಂಡು ಹಾರುವುದಕ್ಕೆ ಅದೂ ಒಂದು ಕಾರಣ. ಕಾರ್ಬನ್ ಹೆಚ್ಚು ಬಿಗಿ. ಆದರೆ ಕಾರ್ಬನ್ ಎಂದು ಬರೆದದ್ದೆಲ್ಲ ಒಂದೇ ಅಲ್ಲ. 'ರಾ ಕಾರ್ಬನ್' ಅನ್ನುವುದರಲ್ಲಿ ಹಾಳೆ ಮಾಡುವಾಗ ಮೇಲೆ ಒತ್ತಿದ ಬಟ್ಟೆಯನ್ನು ಕಿತ್ತು ತೆಗೆಯುತ್ತಾರೆ, ಅದರ ನೇಯ್ಗೆಯ ಗುರುತು ಉಳಿದು ಮೈ ಒರಟಾಗುತ್ತದೆ. ಇನ್ನು ಕೆಲವದರಲ್ಲಿ ಪುಡಿ ಬೆರೆಸಿದ ಬಣ್ಣ ಬಳಿದು ಒರಟು ಮಾಡಿರುತ್ತಾರೆ. ಅದು ಬೇಗ ಸವೆಯುತ್ತದೆ. ಗುರುತಿಸುವುದು ಸುಲಭ. ಪ್ಯಾಡಲನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ರಾ ಕಾರ್ಬನ್ನಿನಲ್ಲಿ ಸೀರೆಯ ನೇಯ್ಗೆಯ ಹಾಗೆ ಸಣ್ಣ ಸಣ್ಣ ಚೌಕ ಕಾಣುತ್ತವೆ. ಉಗುರು ಎಳೆದರೆ 'ಸರ್ರ್' ಎಂದು ಒಂದೇ ಸಮನೆ ಸದ್ದು ಬರುತ್ತದೆ. ಬಣ್ಣ ಬಳಿದದ್ದು ಮರಳು ಕಾಗದದ ಹಾಗೆ ಬೆರಳಿಗೆ ಚುಚ್ಚುತ್ತದೆ, ನೇಯ್ಗೆ ಕಾಣುವುದಿಲ್ಲ. 'ಟಿ700' ಎಂದು ಬರೆದಿದ್ದರೆ ಅದು ಜಪಾನಿನ ಟೋರೆ ಕಂಪನಿಯ ಕಾರ್ಬನ್ ನೂಲಿನ ದರ್ಜೆಯ ಹೆಸರು. ಒಳ್ಳೆಯ ನೂಲು. ನಿಮ್ಮ ಬೆಲೆಗೆ ಧಾರಾಳವಾಗಿ ಸಿಗುತ್ತದೆ. ರಾ ಕಾರ್ಬನ್ ಕೂಡ ಸವೆಯುತ್ತದೆ ಅನ್ನುವುದು ನೆನಪಿರಲಿ. ನನ್ನ ಪ್ಯಾಡಲ್ಲಿನ ನಡುಭಾಗ ಹತ್ತು ತಿಂಗಳಿಗೆ ನುಣುಪಾಯಿತು.

ಈಗ ನಿಮ್ಮ ಗೆಳೆಯರು ಹೇಳಿದ ಥರ್ಮೋಫಾರ್ಮ್ಡ್. ಕಾರ್ಬನ್ ಮತ್ತು ಥರ್ಮೋಫಾರ್ಮ್ಡ್ ಅನ್ನುವುದು ಎರಡು ಬೇರೆ ಬೇರೆ ಪ್ಯಾಡಲ್ ಅಲ್ಲ. ಒಂದು ಮುಖದ ವಿಷಯ, ಇನ್ನೊಂದು ಕಟ್ಟುವ ರೀತಿ. ಬಿಸಿ ಅಚ್ಚಿನಲ್ಲಿ ಒತ್ತಿ, ಹಿಡಿ ತಲೆ ಎಲ್ಲ ಒಂದೇ ಮೈ ಮಾಡಿ, ಎಷ್ಟೋ ಸಲ ಅಂಚಿನ ಸುತ್ತ ಫೋಮ್ ತುಂಬಿ ಕಟ್ಟಿದ್ದು ಥರ್ಮೋಫಾರ್ಮ್ಡ್. ಬಿಗಿ ಜಾಸ್ತಿ, ಬಲ ಜಾಸ್ತಿ. ನಿಮ್ಮ ನೋಟ್‌ಬುಕ್ಕಿನಲ್ಲಿ 'ಮೇ' ತುಂಬಿದ್ದರೆ ಸದ್ಯಕ್ಕೆ ಇದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಹಳೆಯ ರೀತಿಯಲ್ಲಿ ತಣ್ಣಗೆ ಒತ್ತಿ ಕಟ್ಟಿದ 16 ಮಿಲಿಮೀಟರಿನ ರಾ ಕಾರ್ಬನ್ ಪ್ಯಾಡಲ್ ನಿಮಗೆ ಹೆಚ್ಚು ಒಗ್ಗುತ್ತದೆ. ಬೆಲೆಯೂ ಕಡಿಮೆ.

ಆಕಾರಕ್ಕೆ ಬಂದರೆ, ನಿಯಮದ ಪ್ರಕಾರ ಉದ್ದ ಅಗಲ ಸೇರಿ 24 ಇಂಚು ದಾಟಬಾರದು, ಉದ್ದವೊಂದೇ 17 ಇಂಚು ದಾಟಬಾರದು. ಹಾಗಾಗಿ ಉದ್ದ ಕೊಟ್ಟರೆ ಅಗಲ ಹೋಗುತ್ತದೆ. 16 ಇಂಚು ಉದ್ದ, 8 ಇಂಚು ಅಗಲ ಇರುವುದು ಮಾಮೂಲಿ ಆಕಾರ. ಉದ್ದ ತಲೆಯದು ಸುಮಾರು ಹದಿನಾರೂವರೆ, ಏಳೂವರೆ. ಬ್ಯಾಡ್ಮಿಂಟನ್ನಿನಿಂದ ಬಂದವರಿಗೆ ಮಣಿಕಟ್ಟೇ ಬಂಡವಾಳ ಅಲ್ವಾ? ಉದ್ದ ತಲೆಯ ಪ್ಯಾಡಲ್ಲಿನಲ್ಲಿ ತೂಕ ಕೈಯಿಂದ ದೂರ ಕೂರುತ್ತದೆ, ಮಣಿಕಟ್ಟು ನಿಧಾನವಾಗುತ್ತದೆ. ಮಾಮೂಲಿ ಆಕಾರ ತಗೊಳ್ಳಿ, ಇಲ್ಲವೇ ಎರಡರ ನಡುವಿನ ಹೈಬ್ರಿಡ್. ಹಿಡಿ ಐದು ಇಂಚು ಇದ್ದರೆ ಸಾಕು. ಎರಡು ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಹೊಡೆಯುವವರಿಗೆ ಮಾತ್ರ ಐದೂವರೆ ಬೇಕು.

ತೂಕ 220ರಿಂದ 230 ಗ್ರಾಂ ಒಳಗೆ ಇರಲಿ. ಡಬ್ಬಿಯ ಮೇಲೆ ಬರೆದದ್ದನ್ನು ಪೂರ್ತಿ ನಂಬಬೇಡಿ. ಒಂದೇ ಮಾದರಿಯ ಎರಡು ಪ್ಯಾಡಲ್ ನಡುವೆ ಐದಾರು ಗ್ರಾಂ ವ್ಯತ್ಯಾಸ ಇರುವುದುಂಟು. ನಾನು ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು ಚೀಲದಲ್ಲಿಟ್ಟುಕೊಂಡು ಹೋಗುತ್ತೇನೆ. ಅಂಗಡಿಯವರು ಇದುವರೆಗೆ ಬೇಡ ಅಂದಿಲ್ಲ. ಮೇಲೆ ಸುತ್ತುವ ಓವರ್‌ಗ್ರಿಪ್ಪಿಗೆ ಇನ್ನೊಂದು ಐದು ಗ್ರಾಂ ಸೇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇಷ್ಟೆಲ್ಲ ಇರುವ ಪ್ಯಾಡಲ್ ಆರರಿಂದ ಒಂಬತ್ತು ಸಾವಿರಕ್ಕೆ ಸಿಗುತ್ತದೆ. ಅದಕ್ಕಿಂತ ಮೇಲೆ ಕೊಡುವ ದುಡ್ಡು ಹೆಚ್ಚಾಗಿ ಹೊಸ ಫೋಮ್ ಕೋರಿಗೆ (ಒಳಗೆ ಜೇನುಗೂಡಿನ ಬದಲು ಫೋಮ್), ದೊಡ್ಡ ಹೆಸರಿಗೆ, ಆಟಗಾರರ ಸಹಿಗೆ. ಆ ಫೋಮ್ ಕೋರುಗಳು ನಿಜಕ್ಕೂ ಚೆನ್ನಾಗಿವೆ, ನಾನು ಆಡಿ ನೋಡಿದ್ದೇನೆ. ನಿಮ್ಮ ಈಗಿನ ತೊಂದರೆಗೆ ಅವು ಬೇಕಿಲ್ಲ. ಉಳಿದ ದುಡ್ಡಿಗೆ ಒಳ್ಳೆಯ ಕೋರ್ಟ್ ಶೂ ತಗೊಳ್ಳಿ. ನಮ್ಮ ಕಡೆ ಓಡುವ ಶೂ ಹಾಕಿಕೊಂಡೇ ಆಡಿ ಪಾದ ತಿರುಚಿಕೊಂಡವರನ್ನು ತುಂಬ ನೋಡಿದ್ದೇನೆ.

ಕೊಳ್ಳುವ ಮುಂಚೆ ಯಾರದ್ದಾದರೂ ಎರವಲು ತಂದು ಒಂದು ಗಂಟೆ ಆಡಿ. ಡ್ರೈವ್ ಹೊಡೆದು ನೋಡಬೇಡಿ, ಡ್ರೈವಿಗೆ ಎಲ್ಲ ಪ್ಯಾಡಲ್ಲೂ ಚೆನ್ನಾಗಿಯೇ ಅನಿಸುತ್ತದೆ. ಹಿಂದಿನ ಗೆರೆಯಿಂದ ಇಪ್ಪತ್ತು ಡ್ರಾಪ್, ಅಂದರೆ ನೆಟ್ ದಾಟಿದ ಕೂಡಲೇ ಇಳಿಯುವ ಮೆತ್ತನೆಯ ಹೊಡೆತ, ಹಾಕಿ. ಎದುರಿನ ಕಿಚನ್, ಅಂದರೆ ನೆಟ್ಟಿನಿಂದ 7 ಅಡಿ ಒಳಗೆ, ಎಷ್ಟು ಬಿದ್ದವು ಎಣಿಸಿ. ಆಮೇಲೆ ನಿಮ್ಮ ಹಳೆಯ ಪ್ಯಾಡಲ್ಲಿನಿಂದ ಇಪ್ಪತ್ತು. ಆ ಎರಡು ಸಂಖ್ಯೆ ನಿಮಗೆ ಯಾವ ಜಾಹೀರಾತಿಗಿಂತಲೂ ಹೆಚ್ಚು ಹೇಳುತ್ತವೆ. ಟೂರ್ನಮೆಂಟ್ ಆಡುವ ಆಸೆ ಇದ್ದರೆ ಪ್ಯಾಡಲ್ಲಿನ ಮೇಲೆ ಅಮೆರಿಕದ ಪಿಕಲ್‌ಬಾಲ್ ಸಂಸ್ಥೆ ಯುಎಸ್‌ಎ ಪಿಕಲ್‌ಬಾಲ್ ಕೊಡುವ ಒಪ್ಪಿಗೆಯ ಗುರುತು ಇದೆಯಾ ನೋಡಿ. ಗುರುತು ಇದ್ದರೂ ಆ ಮಾದರಿ ಈಗಲೂ ಪಟ್ಟಿಯಲ್ಲಿದೆಯಾ ಎಂದು ಆಯೋಜಕರನ್ನು ಕೇಳಿಕೊಳ್ಳಿ. 2024ರಲ್ಲಿ ಹೆಸರಾಂತ ಮಾದರಿಗಳೇ ಪಟ್ಟಿಯಿಂದ ಹೊರಬಿದ್ದದ್ದುಂಟು.

ಪ್ರಶ್ನೆ: ಆರು ತಿಂಗಳಿಂದ ಮೊಣಕೈ ಹೊರಭಾಗ ನೋಯುತ್ತಿದೆ. ತುಂಬ ಹಗುರವಾದ ಪ್ಯಾಡಲ್ ತಗೊಂಡರೆ ಸರಿಹೋಗುತ್ತದೆ ಎಂದು ಕೋರ್ಟಿನಲ್ಲಿ ಹೇಳುತ್ತಾರೆ. 205 ಗ್ರಾಮಿನದು ನೋಡಿಟ್ಟಿದ್ದೇನೆ. ತಗೊಳ್ಳಲಾ?
(ಓದುಗರು, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ತಗೊಳ್ಳಬೇಡಿ. ಮೊದಲು ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಆರು ತಿಂಗಳು ನೋವು ಇಟ್ಟುಕೊಂಡು ಆಡಿದ್ದೇ ಜಾಸ್ತಿಯಾಯಿತು, ತಂಗಿ.

ಹಗುರ ಪ್ಯಾಡಲ್ ಎತ್ತುವಾಗ ಹಾಯೆನಿಸುತ್ತದೆ. ಚೆಂಡು ಬಡಿದಾಗ ಅದೇ ಹಿಂದಕ್ಕೆ ನೂಕಿಸಿಕೊಳ್ಳುತ್ತದೆ. ಆ ಪೆಟ್ಟನ್ನು ತಡೆಯಲು ನೀವು ಇನ್ನೂ ಬಿಗಿಯಾಗಿ ಹಿಡಿಯುತ್ತೀರಿ. ಮೊಣಕೈಯ ಹೊರಭಾಗಕ್ಕೆ ಅಂಟಿಕೊಂಡಿರುವ ಸ್ನಾಯುಗಳೇ ಈ ಬಿಗಿ ಹಿಡಿತಕ್ಕೆ ದುಡಿಯುವುದು. 220 ಗ್ರಾಂ ಆಸುಪಾಸಿನ, 16 ಮಿಲಿಮೀಟರಿನದೇ ನಿಮಗೂ ಒಳ್ಳೆಯದು.

ಅದಕ್ಕಿಂತ ಮುಖ್ಯ ಹಿಡಿಯ ಸುತ್ತಳತೆ. ಈಗಿನ ಪ್ಯಾಡಲ್ಲನ್ನೇ ಆಡುವಾಗ ಹಿಡಿಯುವ ಹಾಗೆ ಹಿಡಿಯಿರಿ. ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಇಡಿ. ಸರಿಯಾಗಿ ಕೂತರೆ ಅಳತೆ ಸರಿ. ಬೆರಳು ತೂರುವುದಕ್ಕೇ ಜಾಗ ಇಲ್ಲದಿದ್ದರೆ ಹಿಡಿ ಸಣ್ಣದಾಯಿತು, ಒಂದು ಓವರ್‌ಗ್ರಿಪ್ ಸುತ್ತಿ. ನಮ್ಮ ಕೋರ್ಟಿಗೆ ಬರುವ ಒಬ್ಬ ಟೀಚರ್ ಬರೀ ಇದೊಂದನ್ನು ಮಾಡಿ, ಹಿಡಿತ ಸಡಿಲ ಬಿಟ್ಟು ಆಡಲು ಕಲಿತರು. ಹಿಡಿತಕ್ಕೆ ಹತ್ತರಲ್ಲಿ ಅಂಕ ಕೊಡುವುದಾದರೆ ಡಿಂಕ್, ಅಂದರೆ ನೆಟ್ ಹತ್ತಿರದಿಂದ ಎದುರಿನ ಕಿಚನ್ನಿಗೆ ಮೆತ್ತಗೆ ಇಳಿಸುವ ಹೊಡೆತ, ಹಾಕುವಾಗ ಮೂರು ಸಾಕು. ಹಾಲಿನ ಲೋಟ ಹಿಡಿದಷ್ಟು.

ಪ್ರಶ್ನೆ: ನನ್ನ ಥರ್ಮೋಫಾರ್ಮ್ಡ್ ಪ್ಯಾಡಲ್ಲಿಗೆ ಏಳು ತಿಂಗಳು. ಈಚೆಗೆ ಒಂದು ಕಡೆ ತಾಗಿದರೆ ಸದ್ದು ಬೇರೆ ಬರುತ್ತದೆ, ಚೆಂಡು ಗುಂಡಿನ ಹಾಗೆ ಹೋಗುತ್ತದೆ. ಪಳಗಿದೆ ಎಂದು ಗೆಳೆಯರು ಖುಷಿಪಡುತ್ತಾರೆ. ನಿಜವಾ?
(ಓದುಗರು, ಕದ್ರಿ, ಮಂಗಳೂರು)

ಉತ್ತರ: ಪಳಗಿದ್ದಲ್ಲ, ಒಡೆದದ್ದು. ಒಂದೋ ಮೇಲಿನ ಹಾಳೆ ಜೇನುಗೂಡಿನಿಂದ ಬಿಟ್ಟುಕೊಂಡಿದೆ, ಇಲ್ಲವೇ ಒಳಗಿನ ಗೂಡಿನ ಗೋಡೆಗಳು ಕುಸಿದಿವೆ. ಎರಡರಲ್ಲೂ ಮುಖ ಟ್ರ್ಯಾಂಪೊಲಿನ್ ಹಾಗೆ ಚೆಂಡನ್ನು ಎಸೆಯುತ್ತದೆ.

ಫ್ಯಾನ್ ಆರಿಸಿ ಸದ್ದಿಲ್ಲದ ಕೋಣೆಯಲ್ಲಿ ಕೂತು ಹೀಗೆ ಮಾಡಿ. ಹಿಡಿಯ ತುದಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ಪ್ಯಾಡಲ್ ತೂಗಾಡಲು ಬಿಡಿ. ಇನ್ನೊಂದು ಕೈಯ ಬೆರಳ ಗಿಣ್ಣಿನಿಂದ ಅಂಚಿನಿಂದ ನಡುವಿಗೆ, ಸಾಲು ಸಾಲಾಗಿ ತಟ್ಟುತ್ತಾ ಬನ್ನಿ. ಚೆನ್ನಾಗಿರುವ ಕಡೆ 'ಟಕ್ ಟಕ್' ಎಂದು ಒಂದೇ ಥರ ಕೇಳುತ್ತದೆ. ಕೆಟ್ಟ ಜಾಗ ಬಂದ ಕೂಡಲೇ 'ಡೊಬ್' ಎನ್ನುತ್ತದೆ. ಸಂತೆಯಲ್ಲಿ ಕಲ್ಲಂಗಡಿ ತಟ್ಟಿ ನೋಡುತ್ತೇವಲ್ಲ, ಅದೇ ಕಿವಿ ಸಾಕು. ಆ ಜಾಗವನ್ನು ಎರಡೂ ಹೆಬ್ಬೆರಳಿನಿಂದ ಒತ್ತಿ. ಸ್ವಲ್ಪ ಒಳಗೆ ಹೋಗಿ ಬಂದ ಹಾಗಾದರೆ ಅನುಮಾನವೇ ಬೇಡ.

ಆ ಪ್ಯಾಡಲ್ಲಿನಿಂದ ಆಡುವುದನ್ನು ಇವತ್ತೇ ನಿಲ್ಲಿಸಿ. ಟೂರ್ನಮೆಂಟಿನಲ್ಲಿ ಅದಕ್ಕೆ ಅವಕಾಶ ಇಲ್ಲ, ಅದು ಒಂದು ಮಾತು. ನನಗೆ ಚಿಂತೆ ಇರುವುದು ಎದುರು ನಿಂತವರದು. ಕಿಚನ್ ಗೆರೆಗಳ ನಡುವೆ ಇರುವುದು ಬರೀ 14 ಅಡಿ. ನಿಮ್ಮ ತೋಳಿನ ಬೀಸು ನೋಡಿ ಅವರು ಒಂದು ವೇಗ ಅಂದಾಜು ಮಾಡಿರುತ್ತಾರೆ, ಬರುವುದು ಇನ್ನೊಂದು ವೇಗ. ಚೆಂಡು ಹೋಗುವುದು ಸೀದಾ ಮುಖದ ಮಟ್ಟಕ್ಕೆ. ನೆಟ್ ಹತ್ತಿರ ಆಡುವವರೆಲ್ಲ ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಳ್ಳಿ ಎಂದು ನಾನು ಬೇಡಿಕೊಳ್ಳುತ್ತೇನೆ.

ವಾರಂಟಿ ಇದ್ದರೆ ತಡಮಾಡದೆ ಕೇಳಿ. ನನಗೂ ಒಮ್ಮೆ ಹೀಗಾಯಿತು. ಬಿಲ್ ಇಟ್ಟಿದ್ದೆ. ಆದರೂ ನೀವು ಎಲ್ಲೋ ಬಡಿದಿದ್ದೀರಿ ಎಂದು ಅಂಗಡಿಯವರು ವಾಪಸ್ ಕಳಿಸಿದರು. ಮೊದಲು ಸರಿಯಿತ್ತು ಎಂದು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಅಂದಿನಿಂದ ಹೊಸ ಪ್ಯಾಡಲ್ ತಂದ ದಿನವೇ ಅಂಚು ಅಂಚಿನ ಫೋಟೋ ತೆಗೆಯುತ್ತೇನೆ, ತಟ್ಟಿದ ಸದ್ದನ್ನು ಫೋನಿನಲ್ಲಿ ವಿಡಿಯೋ ಮಾಡಿ ಇಡುತ್ತೇನೆ. ಒಂದು ನಿಮಿಷದ ಕೆಲಸ. ಇನ್ನೊಂದು, ಪ್ಯಾಡಲ್ಲನ್ನು ಬಿಸಿಲಿಗೆ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಒಳಗಿರುವುದು ಅಂಟು ಮತ್ತು ಪ್ಲಾಸ್ಟಿಕ್. ನಿಮ್ಮೂರಿನ ಏಪ್ರಿಲ್ ಮಧ್ಯಾಹ್ನ ಅವೆರಡಕ್ಕೂ ಒಳ್ಳೆಯದಲ್ಲ.

ಪ್ರಶ್ನೆ: ಅಪ್ಪನಿಗೆ 63. ದಾವಣಗೆರೆಯಲ್ಲಿ ಒಂದು ವರ್ಷದಿಂದ ಆಡುತ್ತಿದ್ದಾರೆ, ಚೆನ್ನಾಗಿಯೇ ಆಡುತ್ತಾರೆ. ಡಿಸೆಂಬರಿನಲ್ಲಿ ಊರಿಗೆ ಬರುವಾಗ ಇಲ್ಲಿಂದ ಒಂದು ಪ್ಯಾಡಲ್ ತರಬೇಕು. ನೂರು ಡಾಲರ್ ಆಸುಪಾಸು. ಏನು ತರಲಿ?
(ಓದುಗರು, ಸನ್ನಿವೇಲ್, ಕ್ಯಾಲಿಫೋರ್ನಿಯಾ)

ಉತ್ತರ: ಅಗಲ ತಲೆಯದು, 16 ಮಿಲಿಮೀಟರ್, ರಾ ಕಾರ್ಬನ್. ನೂರು ಡಾಲರಿಗೆ ನಿಮ್ಮಲ್ಲಿ ಈಗ ನಿಜಕ್ಕೂ ಒಳ್ಳೆಯ ಪ್ಯಾಡಲ್ ಬರುತ್ತದೆ. ವ್ಯಾಟಿಕ್ ಪ್ರೊ ಕಂಪನಿಯ ಪ್ರಿಸಂ ಸಾಲು, ಸೆಲ್ಕರ್ಕ್ ಕಂಪನಿಯದೇ ಕಡಿಮೆ ಬೆಲೆಯ ಎಸ್‌ಎಲ್‌ಕೆ ಸಾಲು, ಇವುಗಳಲ್ಲಿ ಹುಡುಕಿ. ಅಲ್ಲಿ ಕೊಂಡದ್ದಕ್ಕೆ ಇಲ್ಲಿಂದ ವಾರಂಟಿ ಕೇಳುವುದು ಕಷ್ಟ. ಅದಕ್ಕೇ ಹೊರಡುವ ಮೊದಲು ನೀವೇ ನಾಲ್ಕು ದಿನ ಆಡಿ, ತಟ್ಟಿ ನೋಡಿ ತನ್ನಿ. ಜೊತೆಗೆ 40 ತೂತಿನ ಹೊರಾಂಗಣದ ಚೆಂಡು ಒಂದು ಡಜನ್ ಇರಲಿ. ಕೋರ್ಟ್ ಒಳಾಂಗಣದ್ದಾದರೆ 26 ತೂತಿನವು. ಯಾವುದು ಎಂದು ಅಪ್ಪನನ್ನು ಮೊದಲೇ ಕೇಳಿಬಿಡಿ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. 3,500 ರೂಪಾಯಿಯ ಕಾರ್ಬನ್ ಪ್ಯಾಡಲ್ ಇದೆ. ನಡುವಿಗೆ ತಾಗದಿದ್ದರೆ ಕೈಯಲ್ಲಿ ತಿರುಗಿಬಿಡುತ್ತದೆ. ಹೊಸದು ಕೊಳ್ಳಲು ಮನೆಯಲ್ಲಿ ಕೇಳುವ ಹಾಗಿಲ್ಲ. ಬೇರೆ ದಾರಿ ಇದೆಯಾ?
(ಓದುಗರು, ಶಿವಮೊಗ್ಗ)

ಉತ್ತರ: ಇದೆ, ಮತ್ತು ಚೆನ್ನಾಗಿ ಕೆಲಸ ಮಾಡುತ್ತದೆ. ಆಟದ ಸಾಮಾನಿನ ಅಂಗಡಿಯಲ್ಲಿ ಅಂಚಿಗೆ ಅಂಟಿಸುವ ತೂಕದ ಟೇಪ್ ಸಿಗುತ್ತದೆ. ಸೀಸದ್ದು ಬೇಡ, ಟಂಗ್‌ಸ್ಟನ್ ಟೇಪ್ ಕೇಳಿ. ಪ್ಯಾಡಲ್ಲನ್ನು ಗಡಿಯಾರದ ಮುಖ ಅಂದುಕೊಳ್ಳಿ. ಮೂರು ಗಂಟೆಯ ಜಾಗಕ್ಕೆ 3 ಗ್ರಾಂ, ಒಂಬತ್ತು ಗಂಟೆಯ ಜಾಗಕ್ಕೆ 3 ಗ್ರಾಂ ಅಂಟಿಸಿ. ಅಂಚಿನಲ್ಲಿ ತೂಕ ಬಂದರೆ ಪ್ಯಾಡಲ್ ತಿರುಚಿಕೊಳ್ಳುವುದು ಕಡಿಮೆಯಾಗುತ್ತದೆ. ಅಂಚಿಗೆ ಟೇಪ್ ಅಂಟಿಸುವುದಕ್ಕೆ ನಿಯಮದಲ್ಲಿ ಅಡ್ಡಿ ಇಲ್ಲ. ಆದರೆ ಆಡುವ ಮುಖಕ್ಕೆ ಏನೂ ಹಚ್ಚಬಾರದು, ಉಜ್ಜಬಾರದು. ಒಂದು ವಾರ ಆಡಿ ನೋಡಿ. ಕೈ ಭಾರ ಅನಿಸಿದರೆ ಎರಡೂ ಕಡೆ ಒಂದೊಂದು ಗ್ರಾಂ ಕತ್ತರಿಸಿ ತೆಗೆಯಿರಿ.

ಮುಖದ ಮೇಲೆ ಚೆಂಡಿನ ಪ್ಲಾಸ್ಟಿಕ್ ಮೆತ್ತಿ ಬಿಳಿ ಕಲೆಯಾಗಿದ್ದರೆ ಚೆಂಡಿಗೆ ಸ್ಪಿನ್ ಹಿಡಿಯುವುದಿಲ್ಲ. ಅದಕ್ಕೆ ರಬ್ಬರಿನ ತುಂಡು ಮಾರುತ್ತಾರೆ, ಪೆನ್ಸಿಲ್ ಅಳಿಸಿದ ಹಾಗೆ ಉಜ್ಜಿದರೆ ಹೋಗುತ್ತದೆ. ನಿಯಮಕ್ಕೆ ಇದು ಬರೀ ಶುಚಿ ಮಾಡಿದ ಹಾಗೆ. ಮರಳು ಕಾಗದ ಮಾತ್ರ ಮುಟ್ಟಿಸಬೇಡಿ.

ಟೇಪ್ ಹಚ್ಚುವ ಮೊದಲು ಅಂಚನ್ನು ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ನಿಮ್ಮ ಕಡೆಯ ಮಳೆಗಾಲದಲ್ಲಿ ಸ್ವಲ್ಪ ತೇವ ಉಳಿದರೂ ಎರಡನೇ ಗೇಮಿಗೇ ಕಿತ್ತು ಬರುತ್ತದೆ. ಮೇಲಿಂದ ಮಾಮೂಲಿ ಎಡ್ಜ್ ಟೇಪ್ ಒಂದು ಸುತ್ತು ಹಾಕಿಬಿಡಿ.